ಹೆಬ್ಬಾಳದಲ್ಲಿ ಕೇಳಿದ ಕಡಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದೆವ್ವ, ಶಕುನ, ಅಶರೀರವಾಣಿ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಹೋಗುತ್ತಿದ್ದೆ. ಎದ್ದು ಹೋಗಲಾಗದ ಕಡೆ ಕೂತು ನಗುತ್ತಿದ್ದೆ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಕೆಲಸವೇ ಹಾಗಿತ್ತು. ಗಾಳಿ, ಮಳೆ, ಬಿಸಿಲುಗಳನ್ನು ಅಳೆದು ಬರೆದಿಡುವುದು. ಅಳತೆಗೆ ಸಿಕ್ಕಿದ್ದು ಇದೆ, ಸಿಗದೆ ಇದ್ದದ್ದು ಇಲ್ಲ ಎಂಬಷ್ಟು ಸರಳವಾಗಿ ಬದುಕಿಕೊಂಡಿದ್ದವನು ನಾನು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ಆದರೆ ಆ ಸಂಜೆಯನ್ನು ನೆನೆದಾಗಲೆಲ್ಲ ನನಗೆ ಭಯಕ್ಕಿಂತ ಮೊದಲು ಕೈ ಮುಗಿಯಬೇಕು ಅನ್ನಿಸುತ್ತದೆ. ಅದು ಯಾರಿಗೆ ಎಂಬುದು ಮಾತ್ರ ಪೂರ್ತಿಯಾಗಿ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಯಲಹಂಕದಲ್ಲಿ. ಇಂಟರ್‌ಮೀಡಿಯೆಟ್ ಮುಗಿಸಿ ಒಂದೆರಡು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ, ಐವತ್ತರ ದಶಕದ ನಡುವಿನಲ್ಲಿ ಹೆಬ್ಬಾಳದ ಹತ್ತಿರದ ಒಂದು ಸರ್ಕಾರಿ ಬೇಸಾಯದ ಫಾರಮ್ಮಿನಲ್ಲಿ ಹವಾಮಾನ ವೀಕ್ಷಕನ ಕೆಲಸ ಸಿಕ್ಕಿತು. ಹೆಸರು ದೊಡ್ಡದು, ಕೆಲಸ ಸಣ್ಣದು. ತಂತಿ ಬೇಲಿ ಹಾಕಿದ ಒಂದು ಹುಲ್ಲಿನ ಅಂಗಳ. ಅದರೊಳಗೆ ಮಳೆ ಅಳೆಯುವ ತಾಮ್ರದ ಡಬ್ಬಿ, ಜಾಲರಿ ಬಾಗಿಲಿನ ಬಿಳಿ ಪೆಟ್ಟಿಗೆಯಲ್ಲಿ ನಾಲ್ಕು ಥರ್ಮಾಮೀಟರು, ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ನಾಲ್ಕು ಬಟ್ಟಲು. ಆಫೀಸಿನ ಗೋಡೆಯಲ್ಲಿ ಪಾದರಸದ ಬಾರೋಮೀಟರು. ಬೆಳಿಗ್ಗೆ ಎಂಟೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಇವನ್ನೆಲ್ಲ ನೋಡಿ ರಿಜಿಸ್ಟರಿಗೆ ಬರೆಯಬೇಕು. ಬೆಳಗಿನ ಅಂಕಿಗಳನ್ನು ಸಂಕೇತ ಮಾಡಿ, ಸೈಕಲ್ ಏರಿ ಹೋಗಿ ಅಂಚೆ ಕಚೇರಿಯಲ್ಲಿ ತಂತಿ ಕೊಡಬೇಕು. ಫಾರಮ್ಮಿನ ಕೂಲಿಯವರು ನನ್ನನ್ನು ಗಾಳಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಗಾಳಿಗೆ ಪಾಠ ಹೇಳುವವನು ಎಂದೇನೋ.

ಪ್ರತಿ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಮ್ಮ ಕಣ್ಣೆಲ್ಲ ಬಂಗಾಳಕೊಲ್ಲಿಯ ಮೇಲೆ. ಚಂಡಮಾರುತ ಎಂದರೆ ಏನು ಎಂದು ಕೂಲಿಯವರು ಕೇಳಿದಾಗ ನಾನು ಒಲೆಯ ಉದಾಹರಣೆ ಕೊಡುತ್ತಿದ್ದೆ. ಬೇಸಿಗೆಯೆಲ್ಲ ಕಾದ ಸಮುದ್ರ ಒಲೆಯ ಹಾಗೆ. ಅದರ ಮೇಲಿನ ಗಾಳಿ ನೀರಿನ ಹಬೆ ಹೊತ್ತು ಮೇಲೇರುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ನುಗ್ಗುವಾಗ ಸುತ್ತುತ್ತದೆ. ಹಾಗೆ ಸುತ್ತುತ್ತಲೇ ದಡದ ಕಡೆ ನಡೆದುಬರುತ್ತದೆ. ನೆಲ ಹತ್ತಿದ ಮೇಲೆ ಕೆಳಗೆ ಒಲೆ ಇಲ್ಲದ್ದರಿಂದ ಸೊರಗುತ್ತದೆ. ದಡದವರಿಗೆ ಅದು ಸಾವು. ಇನ್ನೂರು ಮೈಲಿ ಒಳಗಿರುವ ನಮಗೆ ಬರುವುದು ಅದರ ಸೆರಗು ಮಾತ್ರ, ಅಂದರೆ ಎರಡು ಮೂರು ದಿನದ ಮಳೆ.

ಆ ಮಳೆಯೇ ಸಾಕಾಗುತ್ತಿತ್ತು. ನಮ್ಮ ಕಡೆಯ ಕೆರೆಗಳು ಒಂದರ ಕೆಳಗೊಂದು ಇರುವಂಥವು. ಯಲಹಂಕದ್ದು ತುಂಬಿದರೆ ನೀರು ಕೋಡಿ ಹರಿದು ಮುಂದಿನ ಕೆರೆಗೆ, ಅಲ್ಲಿಂದ ಜಕ್ಕೂರಿನ ಕಡೆಗೆ. ನವೆಂಬರಿನ ಹೊತ್ತಿಗೆ ಎಲ್ಲವೂ ತುಂಬಿ ನಿಂತಿರುತ್ತಿದ್ದವು. ಆಮೇಲೆ ಒಂದೇ ರಾತ್ರಿಯಲ್ಲಿ ಸುರಿಯುವ ಮಳೆಯನ್ನು ತಡೆಯುವ ಶಕ್ತಿ ಹಳೆಯ ಮಣ್ಣಿನ ಏರಿಗಳಿಗೆ ಇರಲಿಲ್ಲ. ಕೋಡಿಯಲ್ಲಿ ಸೇರಿದ ಕಸ ತೆಗೆಸಿ, ಏರಿಯ ಬಿಲಗಳನ್ನು ಮುಚ್ಚಿಸಿ ಎಂದು ನಾನು ಊರಿನವರಿಗೆ ಹೇಳುತ್ತಿದ್ದೆ. ಹೂಂ ಅನ್ನುತ್ತಿದ್ದರು. ರಾಗಿ ಕಟಾವಿನ ಸಮಯದಲ್ಲಿ ಯಾರಿಗೆ ಪುರುಸೊತ್ತು?

ಫಾರಮ್ಮಿನ ಸಸಿ ಮಡಿಗಳಲ್ಲಿ ನೂಕಮ್ಮ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಆ ಹೆಸರು ನಮ್ಮ ಕಡೆಯದಲ್ಲ. ಆಂಧ್ರದ ಕಡಲ ದಡದ್ದು. ಐವತ್ತು ದಾಟಿದ ವಯಸ್ಸು, ಬಡಕಲು ಮೈ, ಗಟ್ಟಿ ಕೈ. ಹತ್ತು ವರ್ಷದವಳಿದ್ದಾಗ ಚಿಕ್ಕಮ್ಮನ ಜೊತೆ ಕಲ್ಲು ಕೆಲಸಕ್ಕೆಂದು ಬೆಂಗಳೂರಿಗೆ ಬಂದವಳು, ಅಮೃತಹಳ್ಳಿಯವನೊಬ್ಬನನ್ನು ಮದುವೆಯಾಗಿ ಇಲ್ಲಿಯವಳೇ ಆಗಿಬಿಟ್ಟಿದ್ದಳು. ಗಂಡ ಫಾರಮ್ಮಿನಲ್ಲಿ ಎತ್ತು ನೋಡಿಕೊಳ್ಳುತ್ತಿದ್ದವನು. ನಾನು ಸೇರುವ ಮೊದಲೇ ತೀರಿಕೊಂಡಿದ್ದ. ಹೆಚ್ಚು ಮಾತಿನವಳಲ್ಲ. ಆದರೆ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಸಸಿ ನೆಡುತ್ತಿದ್ದವಳು ಹಾಗೇ ಎದ್ದುನಿಂತು, ಮೂಡಲ ಕಡೆ ಮುಖ ಮಾಡಿ, ಕಡಲು ಕೂಗುತ್ತಿದೆ ಎನ್ನುತ್ತಿದ್ದಳು. ಜೊತೆಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವಳಿಗೆ ದೀಪಾವಳಿಯ ಆಸುಪಾಸಿನಲ್ಲಿ ತಲೆ ಸ್ವಲ್ಪ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತಂತೆ.

ನಾನು ಹೇಳುತ್ತಿರುವ ಸಂಜೆಗೆ ಎರಡು ವರ್ಷ ಮೊದಲು ಅವಳು ನೇರವಾಗಿ ನನ್ನ ಹತ್ತಿರವೇ ಬಂದಿದ್ದಳು.

"ಮೇಷ್ಟ್ರೇ, ಕಡ್ಲು ಕೂಗ್ತೈತೆ. ನಿಮ್ ಡಬ್ಬೀಲಿ ಗೊತ್ತಾಗಲ್ವಾ?"

ಅವತ್ತು ಬೆಳಿಗ್ಗೆಯೇ ನನಗೆ ಕೊಲ್ಲಿಯ ವಿಷಯ ತಂತಿಯಲ್ಲಿ ಬಂದಿತ್ತು. ಇವಳು ಹೇಗೋ ಅದನ್ನು ಕೇಳಿಸಿಕೊಂಡು ನಾಟಕವಾಡುತ್ತಿದ್ದಾಳೆ ಎನ್ನಿಸಿತು. ಹತ್ತು ಜನರ ಮುಂದೆ, "ಇಲ್ಲಿಂದ ಕಡಲಿಗೆ ಇನ್ನೂರು ಮೈಲಿ ಕಣಮ್ಮ. ನಿನ್ನ ಕಿವಿ ಅಷ್ಟು ಚುರುಕಾಗಿದ್ರೆ ನನ್ನ ಕೆಲಸ ನಿನಗೇ ಕೊಡಿಸ್ತೀನಿ," ಎಂದು ನಕ್ಕೆ. ಎಲ್ಲರೂ ನಕ್ಕರು. ಅವಳು ಬೆನ್ನು ತಿರುಗಿಸಿ ಹೋಗಿ ಮಡಿಯಲ್ಲಿ ಕೂತಳು. ಅವಳ ಆ ಬೆನ್ನು ನನಗೆ ಈಗಲೂ ನೆನಪಿದೆ. ಅವತ್ತು ಮಾತ್ರ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮರೆತುಬಿಟ್ಟಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳ ಒಂದು ನವೆಂಬರ್. ದೀಪಾವಳಿಯ ಮಳೆ ಚೆನ್ನಾಗಿ ಬಂದು ಕೆರೆಗಳು ಅಂಚಿಗೆ ತುಂಬಿದ್ದವು. ಬೆಳಿಗ್ಗೆ ಬಂದ ತಂತಿಯಲ್ಲಿ ಕೊಲ್ಲಿಯಲ್ಲಿ ಚಂಡಮಾರುತವಿದೆ, ಪಶ್ಚಿಮಕ್ಕೆ ಚಲಿಸುತ್ತಿದೆ, ಒಳನಾಡಿನಲ್ಲಿ ಮಳೆಯಾಗಬಹುದು ಎಂದಿತ್ತು. ಆ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಹಡಗುಗಳು ಕಳಿಸಿದ ಸುದ್ದಿ, ದಡದ ಬಾರೋಮೀಟರುಗಳು, ಇಷ್ಟರಿಂದಲೇ ಅಂದಾಜು ಮಾಡಬೇಕು. ಆ ತಂತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಬಾರೋಮೀಟರು ತುಸು ಇಳಿದಿತ್ತು, ಗಾಬರಿಯಾಗುವಷ್ಟಲ್ಲ. ದಿನವಿಡೀ ಮೋಡ, ಒಂದು ಹನಿಯೂ ಇಲ್ಲ.

ಸಂಜೆ ಐದು ದಾಟಿ ಹತ್ತು ನಿಮಿಷವಾಗಿರಬೇಕು. ನಾನು ಅಂಗಳಕ್ಕೆ ಹೋಗಿ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದೆ. ಆಗ ಒಂದು ಸದ್ದು ಕಿವಿಗೆ ಬಿತ್ತು. ಮೊದಲು ಯಲಹಂಕದ ಕಡೆ ಹೋಗುವ ಗೂಡ್ಸ್ ರೈಲು ಅಂದುಕೊಂಡೆ. ರೈಲಾದರೆ ಬಂದು ಹೋಗಬೇಕಲ್ಲ. ಇದು ಹೋಗಲೇ ಇಲ್ಲ. ಮೂಡಲಿನಿಂದ ಬರುತ್ತಿತ್ತು. ದಪ್ಪನೆಯ, ಒಂದೇ ಸಮನಾದ ಮೊರೆತ. ಉಸಿರು ಎಳೆದುಕೊಂಡ ಹಾಗೆ ಒಮ್ಮೆ ಕುಗ್ಗುವುದು, ಮತ್ತೆ ಹಿಗ್ಗುವುದು. ಗಾಳಿಯೇ ಇರಬೇಕೆಂದು ಕಂಬದ ತುದಿ ನೋಡಿದೆ. ಬಟ್ಟಲುಗಳು ತಿರುಗುತ್ತಲೇ ಇರಲಿಲ್ಲ. ಬೇಲಿಯಾಚೆಯ ನೀಲಗಿರಿ ಮರಗಳ ಎಲೆ ಅಲ್ಲಾಡುತ್ತಿರಲಿಲ್ಲ. ಗುದ್ದಲಿ ತೊಳೆಯುತ್ತಿದ್ದ ಆಳುಗಳು ಮಾತಾಡಿಕೊಂಡು ಕೆಲಸ ಮಾಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆ ಮೊರೆತದ ಒಳಗಿನಿಂದ ಇನ್ನೊಂದು ಸದ್ದು ಬಿಡಿಸಿಕೊಂಡು ಬಂತು. ಜಾಗಟೆಯ ಸದ್ದು. ಕಂಚಿನ ಮೇಲೆ ಮರದ ಕೊಡತಿ ಬೀಳುವ ಸದ್ದು, ಸಣ್ಣಗೆ, ಆದರೆ ಸ್ಪಷ್ಟವಾಗಿ. ಮೂರು ಏಟು, ತಡೆ. ಮತ್ತೆ ಮೂರು ಏಟು, ತಡೆ. ಮಂಗಳಾರತಿಯ ಜಾಗಟೆ ಹಾಗೆ ಬಡಿಯುವುದಿಲ್ಲ. ಇದರಲ್ಲಿ ಅವಸರವಿತ್ತು.

ತಿರುಗಿ ನೋಡಿದರೆ ಬೇಲಿಯ ಆಚೆ ನೂಕಮ್ಮ ತಂತಿ ಹಿಡಿದುಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಮೂಡಲನ್ನಲ್ಲ, ನನ್ನನ್ನು.

"ನಿಮ್ಗೂ ಕೇಳ್ತೈತಾ?" ಎಂದಳು, ತೀರ ಮೆಲ್ಲಗೆ.

"ಆ ಜಾಗಟೆ ಯಾವ ಗುಡೀದು?" ಎಂದು ಕೇಳಿದೆ.

"ಯಾವ ಜಾಗಟೆ?"

ನಾನು ಪೆನ್ಸಿಲಿನಿಂದ ಪೆಟ್ಟಿಗೆಯ ಮರದ ಕಾಲಿಗೆ ಬಡಿದು ತೋರಿಸಿದೆ. ಮೂರು, ತಡೆ, ಮೂರು. ಅವಳು ತಂತಿ ಬಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಏನಾಯಿತು ಎಂದು ನಾನು ಬೇಲಿ ಸುತ್ತಿಕೊಂಡು ಹೋಗುವಷ್ಟರಲ್ಲಿ ಸದ್ದು ನಿಂತುಹೋಯಿತು. ಎರಡೂ ಒಟ್ಟಿಗೆ, ದೀಪ ಆರಿಸಿದ ಹಾಗೆ. ಕೊನೆಯ ಸಲ ಜಾಗಟೆಗೆ ಎರಡು ಏಟು ಬಿದ್ದವು. ಮೂರನೆಯದು ಬೀಳಲಿಲ್ಲ.

ನೂಕಮ್ಮ ಎದ್ದವಳೇ ನನ್ನ ತೋಳು ಹಿಡಿದಳು. ಫಾರಮ್ಮಿನಲ್ಲಿ ಕೂಲಿ ಹೆಂಗಸು ನೌಕರನೊಬ್ಬನ ತೋಳು ಹಿಡಿಯುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ.

"ಏರಿ ಕೆಳಗಿನೋರ್ನ ಎಬ್ಬಿಸ್ಬೇಕು ಮೇಷ್ಟ್ರೇ. ಇವತ್ತೇ. ನಾನ್ ಏಳಿದ್ರೆ ಉಚ್ಚಿ ಅಂತಾರೆ. ನೀವ್ ಏಳಿ, ನಿಮ್ಮಾತ್ ಕೇಳ್ತಾರೆ."

ಏರಿ ಕೆಳಗಿನವರು ಎಂದರೆ ಅಮೃತಹಳ್ಳಿಗೂ ಜಕ್ಕೂರಿಗೂ ನಡುವಿನ ಒಂದು ಸಣ್ಣ ಕೆರೆಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ಇಟ್ಟಿಗೆ ಸುಡುವವರು. ಹನ್ನೊಂದು ಮನೆ. ಆ ಕೆರೆಯೂ ಈಗಿಲ್ಲ, ಅದರ ಮೇಲೆ ಬಡಾವಣೆ ಎದ್ದಿದೆ. ನಾನು ಐದೂವರೆಯ ಅಂಕಿಗಳನ್ನು ಬರೆದುಕೊಂಡೆ. ಬಾರೋಮೀಟರು ನೋಡಿದೆ, ಬೆಳಗಿಗಿಂತ ಕೂದಲೆಳೆಯಷ್ಟು ಇಳಿದಿತ್ತು. ನನ್ನ ಯಾವ ಉಪಕರಣವೂ ಜನರನ್ನು ಎಬ್ಬಿಸು ಎಂದು ಹೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಎರಡು ನಿಮಿಷ ಕೂತೆ. ಮಳೆ ಬಾರದೆ ಹೋದರೆ ನಾನು ಊರಿಗೆಲ್ಲ ನಗೆಪಾಟಲು. ಸುಳ್ಳು ಸುದ್ದಿ ಹಬ್ಬಿಸಿದ ಎಂದು ಮೇಲಿನವರಿಗೆ ದೂರು ಹೋದರೆ ಕೆಲಸಕ್ಕೇ ಕುತ್ತು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಇದೆಲ್ಲ ಯೋಚಿಸಿದೆ. ಆದರೆ ಕಿವಿಯಲ್ಲಿ ಆ ಬೀಳದ ಮೂರನೆಯ ಏಟು ಕೂತುಬಿಟ್ಟಿತ್ತು. ಎದ್ದು ಸೈಕಲ್ ತೆಗೆದುಕೊಂಡೆ.

ಇಟ್ಟಿಗೆಯವರ ಹಿರಿಯ ಮುನಿಸ್ವಾಮಪ್ಪ ಗುಡಿಸಲ ಮುಂದೆ ಕೂತು ಬೀಡಿ ಸೇದುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿ ಆಕಾಶ ನೋಡಿದ.

"ಏನ್ ಮೇಷ್ಟ್ರೇ ಇಂಗೇಳ್ತೀರಿ? ಒಂದ್ ಅನಿ ಬಿದ್ದಿಲ್ಲ. ಗೂಡಿಗೆ ಬೆಂಕಿ ಇಕ್ಕಿ ಎಲ್ಡ್ ದಿನ ಆಗೈತೆ, ಬಿಟ್ಟೆಂಗೆ ಬರಾದು?"

"ಗೂಡು ಮತ್ತೆ ಕಟ್ಟಬಹುದು ಮುನಿಸ್ವಾಮಪ್ಪ."

"ನಿಮ್ಗೆ ಯಾರ್ ಏಳಿದ್ದು ಮಳೆ ಬತ್ತೈತೆ ಅಂತ?"

ಕೈ ತಾನಾಗಿ ಜೇಬಿಗೆ ಹೋಯಿತು. ಬೆಳಗಿನ ತಂತಿಯ ಕಾಗದ ಬಿಚ್ಚಿ ಅವನ ಮುಂದೆ ಹಿಡಿದು, "ತಂತಿ ಬಂದಿದೆ. ಇವತ್ತು ರಾತ್ರಿ ಈ ಕೆರೆ ಒಡೀಬಹುದು ಅಂತ ಬರೆದಿದ್ದಾರೆ," ಎಂದೆ. ಇಡೀ ಸರ್ವೀಸಿನಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು. ಅವನಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ಮುಟ್ಟದೆ, ದೂರದಿಂದಲೇ ಬಗ್ಗಿ ನೋಡಿದ. ತಂತಿ ಎಂದರೆ ಆಗ ಸಾವಿನ ಸುದ್ದಿ ಎಂದೇ ಲೆಕ್ಕ. ಬೀಡಿ ಎಸೆದು ಎದ್ದು, ಹೆಂಗಸರನ್ನು ಕೂಗಿದ.

ಜನರನ್ನು ಎಬ್ಬಿಸಿದ್ದೇನೋ ಆಯಿತು, ಇರಿಸುವುದು ಎಲ್ಲಿ? ದಿಬ್ಬದ ಮೇಲಿದ್ದ ಗಟ್ಟಿ ಕಟ್ಟಡವೆಂದರೆ ಫಾರಮ್ಮಿನ ಬೀಜದ ಗೋದಾಮು ಒಂದೇ. ಸೂಪರಿಂಟೆಂಡೆಂಟರು ಸಂಜೆಗೆ ಮೊದಲೇ ಪೇಟೆಗೆ ಹೋಗಿದ್ದರು. ಗೋದಾಮಿನ ಬೀಗದ ಕೈ ಇದ್ದದ್ದು ಬಷೀರ್ ಸಾಹೇಬರ ಹತ್ತಿರ. ಮೂವತ್ತು ವರ್ಷ ಒಂದು ಚೀಲವೂ ಹೆಚ್ಚು ಕಡಿಮೆಯಾಗದಂತೆ ಕಾಯ್ದ ಮನುಷ್ಯ.

"ಆರ್ಡರ್ ಇಲ್ದೆ ಬಾಗ್ಲು ತೆಗೆದ್ರೆ ನನ್ ಪೆನ್ಷನ್ ಹೋಗ್ತದೆ ಮೇಷ್ಟ್ರೇ," ಎಂದರು.

"ನಾನು ಬಲವಂತವಾಗಿ ಕಿತ್ಕೊಂಡೆ ಅಂತ ಹೇಳಿ."

ಅವರು ನನ್ನನ್ನೂ, ಗೇಟಿನಾಚೆ ತಲೆಯ ಮೇಲೆ ಪಾತ್ರೆ, ಕಂಕುಳಲ್ಲಿ ಕೂಸು ಹೊತ್ತು ನಿಂತಿದ್ದ ಹೆಂಗಸರನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನಿಮ್ಗೆ ಕಿತ್ಕೊಳ್ಳೋಷ್ಟು ತಾಕತ್ತೆಲ್ಲಿದೆ, ನಡೀರಿ," ಎಂದು ತಾವೇ ಬಂದು ಬೀಗ ತೆಗೆದರು.

ಆಮೇಲಿನ ಎರಡು ಗಂಟೆ ನೂಕಮ್ಮನದು. ನಾನು ಚಂಡಮಾರುತದ ಬಗ್ಗೆ ಓದಿದ್ದೆ. ಅದಕ್ಕೆ ಮೊದಲು ಮನುಷ್ಯರು ಏನು ಮಾಡಬೇಕೆಂದು ಗೊತ್ತಿದ್ದದ್ದು ಅವಳಿಗೆ. ಕುಡಿಯುವ ನೀರು ಮೊದಲು ತುಂಬಿಸಿಟ್ಟುಕೊಳ್ಳಿ, ಆಮೇಲೆ ಬಾವಿ ನೀರು ಕೆಡುತ್ತದೆ ಎಂದಳು. ಹಿಟ್ಟು, ಬೆಂಕಿಪೊಟ್ಟಣಗಳನ್ನು ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿಸಿದಳು. ದನಗಳ ಹಗ್ಗ ಬಿಚ್ಚಿಸಿದಳು, ಕಟ್ಟಿದ ದನ ಈಜಲಾರದು ಎಂದು. ಮುದುಕರು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಒಳಗೆ ಬಿಟ್ಟಳು. ಮುನಿಸ್ವಾಮಪ್ಪ ನಾಲ್ಕು ಜನರೊಂದಿಗೆ ಹೋಗಿ ಕೋಡಿಯ ಕಸ ಎಳೆದು ಹಾಕಿ ಬಂದ. ಎಂಟು ಗಂಟೆಯ ಹೊತ್ತಿಗೆ ಮೊದಲ ಹನಿ ಬಿತ್ತು. ಆಮೇಲೆ ಒಂದೇ ಸಮನೆ ಸುರಿಯತೊಡಗಿತು. ಹೆಂಚಿನ ಮೇಲಿನ ಸದ್ದಿನಲ್ಲಿ ಮಾತಾಡಿದರೂ ಕೇಳುತ್ತಿರಲಿಲ್ಲ.

ಬೆಳಕು ಹರಿಯುವ ಮೊದಲು ಏರಿ ಕಿತ್ತುಹೋಯಿತು. ಬೆಳಿಗ್ಗೆ ಮಳೆಯಲ್ಲೇ ಹೋಗಿ ನೋಡಿದೆವು. ಹನ್ನೊಂದು ಗುಡಿಸಲುಗಳಿದ್ದ ಜಾಗದಲ್ಲಿ ಕೆಂಪು ಕೆಸರು ಬಿಟ್ಟರೆ ಏನೂ ಇರಲಿಲ್ಲ. ಇಟ್ಟಿಗೆ ಗೂಡು ಅಲ್ಲಿತ್ತು ಎಂದು ಹೇಳಲು ಒಂದು ಗುರುತೂ ಉಳಿದಿರಲಿಲ್ಲ. ಮುನಿಸ್ವಾಮಪ್ಪ ಕೆಸರಿಗಿಳಿದು ಗೂಡಿದ್ದ ಜಾಗದವರೆಗೆ ಹೋಗಿ ಬಂದ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ, "ಆ ತಂತಿ ಕಳಿಸಿದೋರ್ಗೆ ನಮ್ ಎಲ್ರ ಕಡೆಯಿಂದ ಒಂದ್ ನಮಸ್ಕಾರ ಏಳಿ," ಎಂದ. ಹೇಳ್ತೀನಿ ಎಂದೆ.

ಅವತ್ತು ಮಧ್ಯಾಹ್ನ ಸೂಪರಿಂಟೆಂಡೆಂಟರು ಬಂದರು. ಗೋದಾಮಿನ ತುಂಬ ಜನ, ಒದ್ದೆ ಬಟ್ಟೆ, ಹೊಗೆ. ಯಾವ ತಂತಿ ಬಂದಿತ್ತು, ತೋರಿಸಿ ಎಂದರು. ನಾನು ಕೊಟ್ಟೆ. ಅವರು ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಅದರಲ್ಲಿ ನಮ್ಮ ಕೆರೆಯ ಹೆಸರು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ನನ್ನ ಮುಖ ನೋಡಿದರು. ಗೋದಾಮಿನ ಬಾಗಿಲಲ್ಲಿ ರಾಗಿ ಅಂಬಲಿ ಕುಡಿಯುತ್ತಿದ್ದ ಮಕ್ಕಳನ್ನು ನೋಡಿದರು. ತಂತಿಯ ಮೂಲೆಗೆ ರುಜು ಹಾಕಿ, "ಫೈಲಿಗೆ ಸೇರಿಸಿ," ಎಂದು ವಾಪಸು ಕೊಟ್ಟರು. ಆ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ. ಬಷೀರ್ ಸಾಹೇಬರ ಪೆನ್ಷನ್ನಿಗೂ ಏನೂ ಆಗಲಿಲ್ಲ.

ಮಳೆ ಕಡಿಮೆಯಾದ ಮೇಲೆ ನೂಕಮ್ಮ ನನ್ನನ್ನು ಗೋದಾಮಿನ ಹಿಂದಿನ ಜಗಲಿಗೆ ಕರೆದಳು. ಇನ್ನೊಂದು ಸಲ ಬಡಿದು ತೋರಿಸಿ ಎಂದಳು. ನಾನು ಬೆರಳಿನಿಂದ ಕಂಬಕ್ಕೆ ಬಡಿದೆ. ಮೂರು, ತಡೆ, ಮೂರು. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, ನಲವತ್ತು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದಳು.

ಅವಳ ಹಳ್ಳಿ ಕಡಲಿಗೆ ಅಂಟಿಕೊಂಡಂತೆ ಇತ್ತಂತೆ. ಗುಡಿಯ ಜಾಗಟೆ ಅವಳ ಅಪ್ಪನ ಸುಪರ್ದಿನಲ್ಲಿತ್ತು. ಕಡಲು ಉಕ್ಕಿ ಬರುವ ಸೂಚನೆ ಕಂಡರೆ ಗುಡಿಯ ಮಾಳಿಗೆ ಹತ್ತಿ ಮೂರು ಮೂರು ಏಟು ಬಡಿಯಬೇಕು; ಕೇಳಿದವರೆಲ್ಲ ಎತ್ತರದ ಮೇಡಿನ ಕಡೆ ಓಡಬೇಕು. ಒಂದು ಕಾರ್ತಿಕದಲ್ಲಿ ಕಡಲು ಬಂತು. ಅವರ ಮಾತಿನಲ್ಲಿ ಅದಕ್ಕೆ ಉಪ್ಪೆನ ಎನ್ನುತ್ತಾರೆ, ಗೋಡೆಯ ಹಾಗೆ ಎದ್ದು ಬರುವ ನೀರು. ಒಂಬತ್ತು ವರ್ಷದ ನೂಕಮ್ಮ ಹಿಂದಿನ ದಿನವೇ ಚಿಕ್ಕಮ್ಮನ ಊರಿಗೆ ಹೋಗಿದ್ದಳು, ಉಳಿದಳು. ಅಪ್ಪ, ಅಮ್ಮ ಸಿಗಲಿಲ್ಲ, ಜಾಗಟೆಯೂ ಸಿಗಲಿಲ್ಲ. ಬದುಕಿ ಉಳಿದ ಕೆಲವರು, ಜಾಗಟೆ ಕೇಳಲೇ ಇಲ್ಲ ಎಂದರು. ಬಡಿಯಬೇಕಾದವನು ತನ್ನ ಜೀವ ಉಳಿಸಿಕೊಳ್ಳಲು ಓಡಿಹೋಗಿ ಎಲ್ಲೋ ಸತ್ತ ಎಂದರು. ಜಾಗಟೆ ಬಡಿಯದವನ ಮಗಳು ಎಂದು ಅವಳನ್ನು ತೋರಿಸಿ ಆಡಿಕೊಳ್ಳತೊಡಗಿದರು. ಅದು ತಾಳಲಾರದೆ ಚಿಕ್ಕಮ್ಮ ಅವಳನ್ನು ಕರೆದುಕೊಂಡು ಊರು ಬಿಟ್ಟಳು.

"ಅವತ್ತಿಂದ ಎಲ್ಲಿ ಕಡ್ಲು ಎದ್ರೂ ನಂಗೆ ಕೇಳ್ತೈತೆ ಮೇಷ್ಟ್ರೇ. ಪ್ರತಿ ಸಾರೀನೂ ಅದ್ರೊಳಗೆ ಜಾಗಟೆ ಐತಾ ಅಂತ ಕಿವಿ ಕೊಟ್ಕೊಂಡು ನಿಂತ್ಕತೀನಿ. ಒಂದ್ ದಪಾನೂ ಕೇಳ್ಲಿಲ್ಲ. ನನ್ ಕಿವಿಗೆ ನೀರಿನ ಸದ್ದು ಬಿಟ್ರೆ ಇನ್ನೇನೂ ಬೀಳಾಕಿಲ್ಲ."

ನನ್ನ ಕಡೆ ತಿರುಗಿ, "ಎಷ್ಟೊತ್ತು ಬಡೀತು?" ಎಂದು ಕೇಳಿದಳು.

"ಕಾಲು ಗಂಟೆಗಿಂತ ಹೆಚ್ಚು."

"ಕಡೇಗೆ?"

ಹೇಳಬೇಕೋ ಬೇಡವೋ ಎಂದು ಹಿಂಜರಿದೆ. ಆದರೆ ನಾನು ವೀಕ್ಷಕ. ಕಂಡದ್ದು, ಕೇಳಿದ್ದು ಬಿಟ್ಟು ಬೇರೆ ಹೇಳುವ ಅಭ್ಯಾಸವಿರಲಿಲ್ಲ. ಒಂದು ಸುಳ್ಳು ಆಗಲೇ ಆಗಿತ್ತು. "ಕೊನೇಲಿ ಎರಡೇ ಏಟು ಬಿತ್ತು. ಮೂರನೇದು ಬೀಳೋ ಮೊದಲು ನಿಂತುಹೋಯ್ತು," ಎಂದೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಅಂಗಾದ್ರೆ ನಮ್ಮಪ್ಪ ಓಡೋಗ್ಲಿಲ್ಲ," ಎಂದಳು. "ನೀರು ಬರೋಗಂಟ ಅಲ್ಲೇ ನಿಂತಿದ್ದ."

ಆಮೇಲೆ ನನ್ನ ಕಾಲಿಗೆ ಬಗ್ಗಲು ಬಂದಳು. ನಾನು ತಡೆದು, "ಬೇಡಿ ನೂಕಮ್ಮ, ನೀವು ದೊಡ್ಡವರು," ಎಂದೆ. ಅವತ್ತಿನಿಂದ ನಾನು ಅವರನ್ನು ಏಕವಚನದಲ್ಲಿ ಕರೆಯಲಿಲ್ಲ. ಎರಡು ವರ್ಷದ ಹಿಂದೆ ನಕ್ಕಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲವೆಂದು ಹೇಳಿದರು.

ಇದಕ್ಕೆ ವಿವರಣೆ ಹುಡುಕಲು ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಮಳೆ ನಿಂತ ಮರುದಿನವೇ ಸುತ್ತಲಿನ ಗುಡಿಗಳಿಗೆಲ್ಲ ಸೈಕಲ್ ತುಳಿದು ವಿಚಾರಿಸಿದೆ. ಐದು ಗಂಟೆಗೆ ಯಾರೂ ಜಾಗಟೆ ಬಡಿದಿರಲಿಲ್ಲ. ಗುದ್ದಲಿ ತೊಳೆಯುತ್ತಿದ್ದ ಆಳುಗಳನ್ನು ಕೇಳಿದೆ. ಏನೂ ಕೇಳಲಿಲ್ಲ ಎಂದರು. ಚಂಡಮಾರುತ ದಡ ಮುಟ್ಟಿದ್ದು ಅದೇ ಸಂಜೆ ಎಂದು ಪತ್ರಿಕೆಯಲ್ಲಿ ಬಂತು. ಹೊತ್ತು ಸರಿಯಾಗಿ ಗೊತ್ತಾಗಲಿಲ್ಲ. ಮುಂದೆ ತಪಾಸಣೆಗೆ ಬಂದ ಒಬ್ಬ ವಿಜ್ಞಾನಿಗೆ, ಅವರು ಒಳ್ಳೆಯವರಾಗಿ ಕಂಡದ್ದರಿಂದ, ಧೈರ್ಯ ಮಾಡಿ ಹೇಳಿದೆ. ಅವರು ನಗಲಿಲ್ಲ. ಸಮುದ್ರದ ದೊಡ್ಡ ಅಲೆಗಳು ನೆಲವನ್ನೇ ನಡುಗಿಸುತ್ತವೆ, ಸೂಕ್ಷ್ಮ ಯಂತ್ರಗಳು ನೂರಾರು ಮೈಲಿ ದೂರದಲ್ಲೂ ಆ ನಡುಕವನ್ನು ಹಿಡಿಯುತ್ತವೆ ಎಂದರು. ಮನುಷ್ಯರ ಕಿವಿ ಹಿಡಿಯುತ್ತದೆಯೇ ಎಂದೆ. ಇಲ್ಲ ಎಂದರು, ಆದರೆ ಕೆಲವರಿಗೆ ಹೇಗೋ ಅನ್ನಿಸಬಹುದು, ಗೊತ್ತಿಲ್ಲ ಎಂದರು. ಮೊರೆತಕ್ಕೆ ಹಾಗೊಂದು ಸಮಾಧಾನ ಹೇಳಿಕೊಳ್ಳಬಹುದು. ಜಾಗಟೆಯ ವಿಷಯ ನಾನು ಅವರಿಗೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅದು ನನ್ನದಲ್ಲ, ನೂಕಮ್ಮನದು ಎನ್ನಿಸತೊಡಗಿತ್ತು.

ಇಟ್ಟಿಗೆಯವರು ಮತ್ತೆ ಏರಿ ಕೆಳಗೆ ಹೋಗಲಿಲ್ಲ. ದಿಬ್ಬದ ಕಡೆ ಗುಡಿಸಲು ಹಾಕಿಕೊಂಡರು. ಮರುವರ್ಷ ಅಕ್ಟೋಬರಿನಲ್ಲಿ ನಾನು ಕರೆಯದೆಯೇ ಮುನಿಸ್ವಾಮಪ್ಪ ಜನ ಕಟ್ಟಿಕೊಂಡು ಬಂದು, ಬೇರೆ ಕೆರೆಗಳ ಕೋಡಿಗಳಿಗೂ ಕೈ ಹಚ್ಚಿದ. ಅಮೃತಹಳ್ಳಿಯ ಅರಳಿ ಮರಕ್ಕೆ ಒಂದು ತುಂಡು ರೈಲು ಕಂಬಿ ನೇತುಹಾಕಿದೆವು. ಮೂರು ಮೂರು ಏಟು ಬಿದ್ದರೆ ತಗ್ಗಿನಲ್ಲಿರುವವರೆಲ್ಲ ಎದ್ದು ಗೋದಾಮಿಗೆ ಬರಬೇಕೆಂದು ಗೊತ್ತುಮಾಡಿದೆವು. ಆ ಲೆಕ್ಕ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಒಂದೆರಡು ವರ್ಷ ಅದು ಉಪಯೋಗಕ್ಕೂ ಬಂತು.

ಇನ್ನೊಂದೇ ಸಂಗತಿ ಉಳಿದಿದೆ. ಆ ಮಳೆ ಕಳೆದು ಒಂದು ತಿಂಗಳಿಗೆ ನೂಕಮ್ಮ ಬಂದು, ತಮ್ಮ ಊರಿಗೆ ಒಂದು ಕಾಗದ ಬರೆದುಕೊಡಬೇಕೆಂದು ಕೇಳಿದರು. ಜಾಗಟೆ ಬಡಿದದ್ದು ನಿಜ, ನಾನು ಕೇಳಿದ್ದೇನೆ, ಇಷ್ಟೇ ಬರೆದರೆ ಸಾಕು ಎಂದರು. ತೆಲುಗು ಬರೆಯಬಲ್ಲ ಗುಮಾಸ್ತರೊಬ್ಬರಿಂದ ಬರೆಸಿದೆವು. ಅವರು ಬರೆಯುತ್ತ ಬರೆಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಕೆಳಗೆ ನಾನು ನನ್ನ ಹೆಸರು ಬರೆದು, ಹವಾಮಾನ ವೀಕ್ಷಕ ಎಂದು ರುಜು ಹಾಕಿದೆ. ಯಾರ ಹೆಸರಿಗೆ ಕಳಿಸುವುದು ಎಂದು ಕೇಳಿದಾಗ ನೂಕಮ್ಮ ಬಹಳ ಹೊತ್ತು ಯೋಚಿಸಿದರು. ಅಲ್ಲಿ ಬದುಕಿರುವವರ ಒಂದು ಹೆಸರೂ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಊರಿನ ಹತ್ತು ಸಮಸ್ತರಿಗೆ ಎಂದು ವಿಳಾಸ ಬರೆಸಿ, ತಾವೇ ಅಂಚೆ ಡಬ್ಬಿಗೆ ಹಾಕಿದರು.

ಉತ್ತರ ಬರಲಿಲ್ಲ. ವಿಳಾಸದಾರರಿಲ್ಲವೆಂದು ಕಾಗದ ತಿರುಗಿಯೂ ಬರಲಿಲ್ಲ. ನೂಕಮ್ಮ ಒಂದು ದಿನವೂ ಅದರ ಬಗ್ಗೆ ವಿಚಾರಿಸಲಿಲ್ಲ. ಮತ್ತೆ ಐದಾರು ವರ್ಷ ಫಾರಮ್ಮಿನಲ್ಲಿ ದುಡಿದರು, ಆಮೇಲೆ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಕೊಲ್ಲಿಯಲ್ಲಿ ಎಷ್ಟೋ ಚಂಡಮಾರುತಗಳು ಎದ್ದವು. ಅವರು ಮತ್ತೆಂದೂ ಕಡಲು ಕೂಗುತ್ತಿದೆ ಎನ್ನಲಿಲ್ಲ. ನಾನಾಗಿ ಒಮ್ಮೆ ಕೇಳಿದ್ದಕ್ಕೆ, ಈಗ ಏನೂ ಕೇಳುವುದಿಲ್ಲ, ರಾತ್ರಿ ಒಳ್ಳೆ ನಿದ್ದೆ ಬರುತ್ತದೆ ಎಂದರು. ನನಗೂ ಆ ಸದ್ದು ಮತ್ತೆ ಕೇಳಲಿಲ್ಲ. ಅದು ಏನು, ನನಗೇ ಏಕೆ ಕೇಳಿತು, ಇನ್ನೂ ಗೊತ್ತಿಲ್ಲ. ನನ್ನ ರುಜು ಹೊತ್ತ ಆ ಒಂದು ಹಾಳೆ ಎಲ್ಲಾದರೂ ಒಬ್ಬರ ಕೈ ಸೇರಿ, ಒಬ್ಬರಾದರೂ ಅದನ್ನು ಗಟ್ಟಿಯಾಗಿ ಓದಿರಲಿ ಎಂದಷ್ಟೇ ನನ್ನ ಆಸೆ.